ನಲವತ್ತೆಂಟು ಅಂಕಿಗಳು

ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ನೂಲು ಮತ್ತು ಜರಿಯ ವ್ಯಾಪಾರ ನಡೆಸುವ ವರ್ತಕರೊಬ್ಬರು 2024ರ ಜುಲೈ 19ರ ಶುಕ್ರವಾರ ಬೆಳಗ್ಗೆ ಮಗಳನ್ನು ಮುಂಬಯಿಯ ವಿಮಾನಕ್ಕೆ ಬೀಳ್ಕೊಡಲು ದೇವನಹಳ್ಳಿಗೆ ಹೋಗಿದ್ದರು. ಮಗಳು ಒಳಗೆ ಹೋಗಿ ಅರ್ಧ ಗಂಟೆಯಾಗಿರಬಹುದು. ಹೊರಗೆ ಕಾರಿನ ಬಳಿ ನಿಂತಿದ್ದ ಅವರಿಗೆ ದೂರವಾಣಿ ಬಂದಿತು. "ಅಪ್ಪಾ, ಲೈನು ಮುಂದಕ್ಕೇ ಹೋಗ್ತಿಲ್ಲ. ಕೌಂಟರಲ್ಲಿ ಕಂಪ್ಯೂಟರ್ ಕೆಲಸ ಮಾಡ್ತಿಲ್ವಂತೆ. ನೀವು ಇನ್ನೂ ಅಲ್ಲೇ ಇದ್ರೆ ಸ್ವಲ್ಪ ಇರಿ." ಸ್ವಲ್ಪ ಎಂದದ್ದು ಸಂಜೆಯವರೆಗೆ ಬೆಳೆಯಿತು.

ಅಂದು ವಿಮಾನಗಳಿಗೆ ಯಾವ ದೋಷವೂ ಇರಲಿಲ್ಲ. ನಿಂತುಹೋದದ್ದು ಪ್ರಯಾಣಿಕರ ಹೆಸರು ನೋಡಿ, ಸಾಮಾನು ತೂಗಿ, ಆಸನ ಕೊಟ್ಟು ಒಳಬಿಡುವ ಲೆಕ್ಕ ಮಾತ್ರ. ಹಲವು ವಿಮಾನ ಸಂಸ್ಥೆಗಳು ಈ ಲೆಕ್ಕಕ್ಕೆ ನೇವಿಟೇರ್ ಎಂಬ ಒಂದೇ ವ್ಯವಸ್ಥೆಯನ್ನು ಆಶ್ರಯಿಸಿವೆ. ಬೆಳಗ್ಗೆ ಹತ್ತೂವರೆಯ ಬಳಿಕ ಅದು ಕೈಕೊಟ್ಟಾಗ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಂಡಿಗೋ, ಆಕಾಸ, ಸ್ಪೈಸ್‌ಜೆಟ್ ಮುಂತಾದ ಸಂಸ್ಥೆಗಳ ಸರತಿಗಳು ಒಟ್ಟಿಗೇ ನಿಂತವು. ಸಿಬ್ಬಂದಿ ಕೈಯಿಂದಲೇ ಪರಿಶೀಲನೆ ಆರಂಭಿಸಿದರು. ಹೈದರಾಬಾದಿನಲ್ಲಿ ಪ್ರಯಾಣಿಕರೊಬ್ಬರಿಗೆ ಲೇಖನಿಯಿಂದ ಬರೆದು ಕೊಟ್ಟ ಬೋರ್ಡಿಂಗ್ ಪಾಸಿನ ಚಿತ್ರ ಅಂದೇ ದೇಶವೆಲ್ಲ ಸುತ್ತಿತು. ಇಂಡಿಗೋ ಸಂಸ್ಥೆಯೊಂದೇ ಇನ್ನೂರರ ಸಮೀಪ ವಿಮಾನಗಳನ್ನು ರದ್ದುಪಡಿಸಿತು. ಮರುದಿನ ಬೆಳಗಿನ ಜಾವ ಮೂರು ಗಂಟೆಯಿಂದ ವ್ಯವಸ್ಥೆಗಳು ಸರಿಯಾಗಿ ನಡೆಯುತ್ತಿವೆಯೆಂದು ಕೇಂದ್ರ ವಿಮಾನಯಾನ ಸಚಿವರು ತಿಳಿಸಿದರು.

ವರ್ತಕರ ಮಗಳು ರಾತ್ರಿ ಹೊರಟಳು. ಮರುದಿನ ಅಂಗಡಿಯಲ್ಲಿ ಪತ್ರಿಕೆ ಓದುತ್ತ ಅವರು ತೀರ್ಪು ಕೊಟ್ಟರು: "ಇಂಥಾ ತಪ್ಪು ಮಾಡಿದವನನ್ನ ಆವತ್ತೇ ಮನೆಗೆ ಕಳಿಸಬೇಕು." ಎದುರು ಕುಳಿತು ಖಾತೆ ಬರೆಯುತ್ತಿದ್ದ ಗುಮಾಸ್ತ ತಲೆಯೆತ್ತಿ, "ಒಬ್ಬನೇ ಮಾಡಿರಲ್ಲ ಯಜಮಾನ್ರೇ. ನೋಡೋರು ಇನ್ನೂ ನಾಲ್ಕು ಜನ ಇರ್ತಾರಲ್ಲ," ಎಂದ. ಆ ಮಾತು ಆಗ ಅವರ ಕಿವಿಗೆ ಬಿದ್ದಿತೇ ಹೊರತು ಒಳಗೆ ಇಳಿಯಲಿಲ್ಲ.

ಗುಮಾಸ್ತ ಹೇಳಿದ್ದು ನಿಜವೆಂಬುದು ಆಗಸ್ಟ್ 6ರಂದು ಪ್ರಕಟವಾದ ವರದಿಯಿಂದ ಸ್ಪಷ್ಟವಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ತಂತ್ರಾಂಶದ ಸಂಸ್ಥೆ ತಾನೇ ತನ್ನ ತಪ್ಪನ್ನು ವಿವರಿಸಿ ಬರೆದ ವರದಿಯದು. ಲೆಕ್ಕ ಬಲ್ಲವರಿಗೆ ಅದು ಕಠಿಣವಲ್ಲ. ಒಂದು ಲೆಕ್ಕಪುಸ್ತಕದಲ್ಲಿ ಇಪ್ಪತ್ತು ಅಂಕಣಗಳಿವೆ ಎಂದುಕೊಳ್ಳೋಣ. ಅದನ್ನು ಪರೀಕ್ಷಿಸುವವನ ಕೈಗೆ ಬಂದ ಸೂಚನಾಪತ್ರದಲ್ಲಿ ಮಾತ್ರ ಇಪ್ಪತ್ತೊಂದು ಅಂಕಣಗಳ ಪ್ರಸ್ತಾಪವಿದೆ. ಮೊದಮೊದಲು ಬಂದ ಸೂಚನೆಗಳೆಲ್ಲ ಇಪ್ಪತ್ತೊಂದನೆಯದರಲ್ಲಿ ಏನಿದ್ದರೂ ಆದೀತು ಎನ್ನುತ್ತಿದ್ದವಾದ್ದರಿಂದ ಆತ ಅಲ್ಲಿ ಕಣ್ಣು ಹಾಯಿಸಲೇ ಇಲ್ಲ. ಮಾರ್ಚ್, ಏಪ್ರಿಲ್ ತಿಂಗಳುಗಳು ಹೀಗೆಯೇ ಸುಗಮವಾಗಿ ಕಳೆದವು. ಜುಲೈ 19ರ ಹೊಸ ಸೂಚನೆ ಮೊದಲ ಬಾರಿಗೆ, ಇಪ್ಪತ್ತೊಂದನೆಯ ಅಂಕಣದಲ್ಲಿ ಏನಿದೆ ನೋಡು, ಎಂದಿತು. ನೋಡಹೊರಟರೆ ಅಂಕಣವೇ ಇಲ್ಲ. ಸೂಚನೆಯನ್ನು ಹೊರಗೆ ಕಳುಹಿಸುವ ಮುನ್ನ ತಪಾಸಣೆ ಮಾಡುವ ಒಂದು ಕ್ರಮವಿಧಿಯೂ ಇತ್ತು. ಅದರಲ್ಲಿಯೂ ದೋಷವಿದ್ದುದರಿಂದ ಸರಿಯಿದೆ ಎಂಬ ಮುದ್ರೆ ಬಿದ್ದಿತು. ಎಲ್ಲಕ್ಕಿಂತ ಮಿಗಿಲಾದ ಅವಿವೇಕವೆಂದರೆ, ಮೊದಲು ನೂರು ಯಂತ್ರಗಳಿಗೆ ಕಳುಹಿಸಿ ನೋಡೋಣ ಎಂಬ ಎಚ್ಚರವಿಲ್ಲದೆ ಎಲ್ಲರಿಗೂ ಏಕಕಾಲದಲ್ಲಿ ಕಳುಹಿಸಿದ್ದು. ಹೊಸ ಬಣ್ಣದ ನೂಲನ್ನು ಒಂದು ಸೀರೆಗೆ ಹಾಕಿ ತೊಳೆದು ನೋಡದೆ ಊರಿನ ಮಗ್ಗಗಳಿಗೆಲ್ಲ ಹಂಚುವ ವ್ಯಾಪಾರಿ ದೊಡ್ಡಬಳ್ಳಾಪುರದಲ್ಲಿ ಒಂದು ಋತುವೂ ಬಾಳಲಾರ.

ಒಂದು ಕಡತದ ತಪ್ಪಿಗೆ ಇಡೀ ಯಂತ್ರ ಏಕೆ ನಿಲ್ಲಬೇಕು ಎಂಬ ಪ್ರಶ್ನೆ ಸಹಜವಾದುದೇ. ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಗೂ ದೇವಾಲಯದಂತೆ ಹೊರ ಪ್ರಾಕಾರ, ನವರಂಗ, ಗರ್ಭಗೃಹಗಳಿವೆ. ಪತ್ರ ಬರೆಯುವ, ಲೆಕ್ಕ ಕೂಡುವ ತಂತ್ರಾಂಶಗಳು ನವರಂಗದಲ್ಲಿ ನಿಂತು ಕೆಲಸ ಮಾಡುತ್ತವೆ. ಅಲ್ಲಿ ಒಂದು ಎಡವಿ ಬಿದ್ದರೆ ಅದನ್ನು ಹೊರಕ್ಕೆ ಸಾಗಿಸಿ ಉಳಿದ ಕಾರ್ಯ ಮುಂದುವರಿಸಬಹುದು. ಆದರೆ ಕಾವಲಿನ ತಂತ್ರಾಂಶಕ್ಕೆ ಎಲ್ಲವೂ ಕಾಣಬೇಕಾದ್ದರಿಂದ ಅದಕ್ಕೆ ಗರ್ಭಗೃಹದೊಳಗೇ ಪ್ರವೇಶವಿರುತ್ತದೆ. ಅಲ್ಲಿ ಎಡವಿದರೆ ಹಾನಿ ಬೆಳೆಯದಿರಲೆಂದು ಯಂತ್ರವು ಸಮಸ್ತ ಕಾರ್ಯವನ್ನೂ ನಿಲ್ಲಿಸಿ ನೀಲಿ ಪರದೆಯನ್ನು ಎಳೆದುಬಿಡುತ್ತದೆ. ಮತ್ತೆ ಚಾಲೂ ಮಾಡಿದರೆ ಕಾವಲುಗಾರ ಮೊದಲು ಒಳಗೆ ಬರುತ್ತಾನೆ, ಮತ್ತೆ ಅದೇ ಜಾಗದಲ್ಲಿ ಎಡವುತ್ತಾನೆ.

ತಪ್ಪು ಕಡತ ಹೊರಬಿದ್ದದ್ದು ಭಾರತೀಯ ಕಾಲಮಾನದಲ್ಲಿ ಬೆಳಗ್ಗೆ 9-39ಕ್ಕೆ, ಹಿಂತೆಗೆದದ್ದು 10-57ಕ್ಕೆ. ಈ 78 ನಿಮಿಷಗಳಲ್ಲಿ ಪೆಟ್ಟು ತಿಂದ ವಿಂಡೋಸ್ ಯಂತ್ರಗಳು 85 ಲಕ್ಷವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಜಗತ್ತಿನ ವಿಂಡೋಸ್ ಯಂತ್ರಗಳಲ್ಲಿ ಶೇಕಡ ಒಂದಕ್ಕಿಂತಲೂ ಕಡಮೆ. ಹಿಂತೆಗೆದುಕೊಂಡದ್ದು ಇನ್ನೂ ಕಡತ ತಲುಪದವರಿಗೆ ಉಪಕಾರವಾಯಿತೇ ಹೊರತು ಬಿದ್ದ ಯಂತ್ರಗಳಿಗಲ್ಲ. ಏಳಲಾರದ ಯಂತ್ರಕ್ಕೆ ಔಷಧಿಯನ್ನು ತಂತಿಯ ಮೂಲಕ ಕುಡಿಸುವುದು ಹೇಗೆ? ಕೆಲವು ಯಂತ್ರಗಳು ಹತ್ತು ಹದಿನೈದು ಬಾರಿ ಮರುಚಾಲನೆ ಮಾಡಿದಾಗ, ಎಡವುವ ಮುನ್ನವೇ ಹೊಸ ಕಡತವನ್ನು ಪಡೆದು ಎದ್ದದ್ದುಂಟು. ಮಿಕ್ಕ ಕಡೆ ಮನುಷ್ಯನೇ ಪ್ರತಿಯೊಂದು ಯಂತ್ರದ ಮುಂದೆ ಕುಳಿತು, ಅತ್ಯವಶ್ಯಕ ಭಾಗಗಳನ್ನಷ್ಟೇ ಎಬ್ಬಿಸುವ ಸೇಫ್ ಮೋಡ್ ಎಂಬ ಸ್ಥಿತಿಗೆ ಅದನ್ನು ತಂದು, ಆ ಒಂದು ಕಡತವನ್ನು ಅಳಿಸಬೇಕಾಯಿತು. ಅಳಿಸಲು ಒಂದು ನಿಮಿಷ ಸಾಕು. ಆದರೆ ಡಿಸ್ಕಿಗೆ ಬೀಗ ಹಾಕಿದ್ದ ಯಂತ್ರಗಳು ಅದಕ್ಕೂ ಮುನ್ನ 48 ಅಂಕಿಗಳ ಒಂದು ಕೀಲಿಯನ್ನು ಕೇಳುತ್ತಿದ್ದವು. ಕೆಲವು ಕಚೇರಿಗಳಲ್ಲಿ ಆ ಕೀಲಿಗಳ ಪಟ್ಟಿಯೇ ಏಳಲಾರದ ಇನ್ನೊಂದು ಯಂತ್ರದೊಳಗಿತ್ತು. ಬಿದ್ದ ಯಂತ್ರಗಳಲ್ಲಿ ಶೇ. 97ರಷ್ಟು ಮೇಲೆದ್ದವು ಎಂದು ಸಂಸ್ಥೆ ಹೇಳಿಕೊಳ್ಳುವಷ್ಟರಲ್ಲಿ ಜುಲೈ 25 ಆಗಿತ್ತು.

ವರ್ತಕರ ಮನಸ್ಸಿನಿಂದ ಇವೆಲ್ಲ ಮರೆಯಾಗಿ ಒಂದು ವರ್ಷದ ಮೇಲಾಗಿತ್ತು. ಈ ನಡುವೆ ಅಂಗಡಿಯಲ್ಲಿಯೂ ಒಂದು ಬದಲಾವಣೆಯಾಗಿತ್ತು. ಹನ್ನೊಂದು ವರ್ಷ ಖಾತೆ ಬರೆದ ಆ ಗುಮಾಸ್ತ 2025ರ ಏಪ್ರಿಲಿನಲ್ಲಿ ಕೆಲಸ ಬಿಟ್ಟಿದ್ದ. ನೂಲಿನ ಸರಬರಾಜುದಾರರೊಬ್ಬರಿಗೆ ಕೊಟ್ಟ 38,400 ರೂಪಾಯಿ ಎರಡು ಬಾರಿ ಖರ್ಚು ಬಿದ್ದಿರುವುದನ್ನು ವರ್ತಕರು ಮಾರ್ಚ್ ತಿಂಗಳ ಮುದ್ರಿತ ಹಾಳೆಯಲ್ಲಿ ಕಂಡರು. ಮಗ್ಗದವರು ಇಬ್ಬರು ಕುಳಿತಿರುವಾಗಲೇ ಕೇಳಿದರು. "ತಿದ್ದಿದ್ದೀನಿ ಯಜಮಾನ್ರೇ," ಎಂದ ಗುಮಾಸ್ತ. ತಪ್ಪೊಪ್ಪಿಗೆಗೆ ಅಷ್ಟು ಸಾಕೆಂದು ಭಾವಿಸಿದ ಅವರು ಹಾಳೆಯನ್ನು ಮೇಜಿನ ಮೇಲೆ ಎಸೆದು, ಆ ತಿಂಗಳ ಸಂಬಳವನ್ನು ತಡೆಹಿಡಿದರು. ಗುಮಾಸ್ತ ಮರುದಿನ ಬರಲಿಲ್ಲ. ಸಂಬಳ ಕೇಳಲೂ ಬರಲಿಲ್ಲ. ಬಾರದಿದ್ದುದೇ ಅಪರಾಧಕ್ಕೆ ಸಾಕ್ಷಿಯೆಂದು ವರ್ತಕರು ಮನೆಯಲ್ಲಿ ಹೇಳಿಕೊಂಡರು.

ವಿಂಡೋಸ್ ಹತ್ತನೆಯ ಆವೃತ್ತಿಗೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂಬ ಸೂಚನೆ ಆ ವರ್ಷವಿಡೀ ಪರದೆಯ ಮೇಲೆ ಬರುತ್ತಿತ್ತು. ಸೆಪ್ಟೆಂಬರ್ ಮಧ್ಯದಲ್ಲಿ ಒಂದು ಸಂಜೆ, ಅಂಗಡಿಯಲ್ಲಿ ಬೇರಾರೂ ಇಲ್ಲದ ಹೊತ್ತಿನಲ್ಲಿ, ವರ್ತಕರು ತಾವೇ ಒಪ್ಪಿಗೆ ಒತ್ತಿ ಹನ್ನೊಂದನೆಯ ಆವೃತ್ತಿಯನ್ನು ಹಾಕಲು ಬಿಟ್ಟರು. ಯಂತ್ರವು 2020ರಲ್ಲಿ ಕೊಂಡ ಲ್ಯಾಪ್‌ಟಾಪ್. ರಾತ್ರಿಯೆಲ್ಲ ಅದು ತನ್ನಷ್ಟಕ್ಕೆ ಕೆಲಸ ಮಾಡಿತು. ಬೆಳಗ್ಗೆ ಬಂದು ನೋಡಿದರೆ ಕಪ್ಪು ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತಿವೆ, ನಿಲ್ಲುತ್ತಿವೆ, ಯಂತ್ರ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿದೆ. ಕೆಲವು ಬಾರಿ ಹೀಗಾದ ಮೇಲೆ ನೀಲಿ ಪರದೆಯೊಂದು ಬಂದು ಒಂದು ಸಂಖ್ಯೆಯನ್ನು ಕೇಳತೊಡಗಿತು.

ಆ ಡಿಸ್ಕಿನೊಳಗೆ ಇದ್ದುದೇನು? ತಿಂಗಳ 20ರೊಳಗೆ ಸಲ್ಲಿಸಬೇಕಾದ ಜಿಎಸ್‌ಟಿ ವಿವರಗಳಿದ್ದವು. ಅದಕ್ಕೆ ಬೇಕಾದರೆ ದಂಡ ಕಟ್ಟಬಹುದು. ಅದಕ್ಕಿಂತ ಭಾರವಾದುದು ಸಾಲದ ಮೇಲೆ ನೂಲು ಒಯ್ಯುವ ಮಗ್ಗದವರ ಖಾತೆ. ಯಾರು ಎಷ್ಟು ಒಯ್ದರು, ಸೀರೆ ಮಾರಿ ಎಷ್ಟು ಕಟ್ಟಿದರು, ಯಾರ ಮುಂಗಡ ಎಷ್ಟು ಉಳಿಯಿತು ಎಂಬುದೆಲ್ಲ ಅಲ್ಲಿಯೇ. ಪೆನ್‌ಡ್ರೈವಿನಲ್ಲಿದ್ದ ಕಟ್ಟಕಡೆಯ ಪ್ರತಿ ಮಾರ್ಚ್ 31ರದು. ಅದನ್ನು ಮಾಡಿಟ್ಟವನು ಹಳೆಯ ಗುಮಾಸ್ತ. ಅವನು ಹೋದ ಮೇಲೆ ಪ್ರತಿ ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಐದೂವರೆ ತಿಂಗಳ ವ್ಯವಹಾರ ಪರದೆಯ ಹಿಂದೆ ಇತ್ತು, ಕೈಗೆ ಸಿಗುತ್ತಿರಲಿಲ್ಲ.

ಸಲಹೆಗಳಿಗೆ ಕೊರತೆಯಾಗಲಿಲ್ಲ. ನೆಂಟರೊಬ್ಬರು ಡಿಸ್ಕ್ ಸುಟ್ಟಿದೆ ಎಂದರು. ಬೆಂಗಳೂರಿನ ದುರಸ್ತಿ ಅಂಗಡಿಯವರೊಬ್ಬರು, ಫಾರ್ಮ್ಯಾಟ್ ಮಾಡಿದರೆ ಒಂದು ಗಂಟೆಯಲ್ಲಿ ಯಂತ್ರ ಏಳುತ್ತದೆ ಎಂದು ಫೋನಿನಲ್ಲಿಯೇ ಭರವಸೆ ಕೊಟ್ಟರು. ಅದು ಸುಳ್ಳೇನಲ್ಲ. ಯಂತ್ರ ಏಳುತ್ತಿತ್ತು, ಲೆಕ್ಕ ಏಳುತ್ತಿರಲಿಲ್ಲ. ವರ್ತಕರು ಒಪ್ಪುವ ಅಂಚಿನಲ್ಲಿಯೇ ಇದ್ದರು. ಅಷ್ಟರಲ್ಲಿ ಪಕ್ಕದ ಬೀದಿಯಲ್ಲಿ ಮುದ್ರಣದ ಕೆಲಸ ಮಾಡುವ ಯುವಕನೊಬ್ಬ ಬಂದು ನೋಡಿದ. ಇಂಥ ಯಂತ್ರಗಳನ್ನು ಬಿಚ್ಚಿ ಜೋಡಿಸಿ ಅವನಿಗೆ ಅಭ್ಯಾಸವಿತ್ತು.

ಅವನು ಏನನ್ನೂ ಒತ್ತುವ ಮುನ್ನ ಕೇಳಿದ್ದು, ಯಂತ್ರ ಎಲ್ಲಿಯವರೆಗೆ ಹೋಗಿ ನಿಲ್ಲುತ್ತಿದೆ ಎಂದು. ಗುಂಡಿ ಒತ್ತಿದೊಡನೆ ಮೊದಲು ಯಂತ್ರಕ್ಕೆ ಹುಟ್ಟಿನಿಂದ ಬಂದ ಸಣ್ಣ ಕ್ರಮವಿಧಿ ಎಚ್ಚತ್ತು ತನ್ನ ಅಂಗಾಂಗಗಳನ್ನು ಪರೀಕ್ಷಿಸಿಕೊಳ್ಳುತ್ತದೆ. ಬಳಿಕ ಡಿಸ್ಕನ್ನು ಹುಡುಕುತ್ತದೆ. ಡಿಸ್ಕಿನಲ್ಲಿ ವಿಂಡೋಸನ್ನು ಎಬ್ಬಿಸುವ ಸಹಾಯಕನನ್ನು ಕಂಡು ಅವನ ಕೈಗೆ ಕಾರ್ಯ ಒಪ್ಪಿಸುತ್ತದೆ. ಅವನು ಗರ್ಭಗೃಹವನ್ನು ತೆರೆದು, ಪರದೆ, ಕೀಲಿಮಣೆ, ಡಿಸ್ಕು, ಕಾವಲು ಇತ್ಯಾದಿಗಳಿಗೆ ಸಂಬಂಧಿಸಿದ ಚಾಲಕ ತಂತ್ರಾಂಶಗಳನ್ನು ಒಂದೊಂದಾಗಿ ಕರೆಯುತ್ತಾನೆ. ಎಲ್ಲವೂ ಬಂದ ಮೇಲೆ ಬಳಕೆದಾರನ ಹೆಸರು ಕೇಳುವ ಪರದೆ. "ಚುಕ್ಕೆ ಸುತ್ತೋವರೆಗೂ ಬಂದಿದೆ ಅಂದ್ರೆ ಡಿಸ್ಕ್ ಚೆನ್ನಾಗಿದೆ ಸರ್. ಸುಟ್ಟಿದ್ರೆ ಇಲ್ಲೀವರೆಗೆ ಬರ್ತಾನೇ ಇರ್ಲಿಲ್ಲ," ಎಂದು ಅವನು ಹೇಳಿದಾಗ ವರ್ತಕರು ಅಂದು ಮೊದಲ ಬಾರಿಗೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

ಒಳಗೆ ಕರೆಯಲ್ಪಟ್ಟ ಯಾವುದೋ ಒಂದು ಚಾಲಕ ತಂತ್ರಾಂಶ ಹೊಸ ಆವೃತ್ತಿಯೊಡನೆ ಹೊಂದಿಕೊಳ್ಳದೆ ಯಂತ್ರವನ್ನು ಬೀಳಿಸುತ್ತಿದೆ ಎಂಬುದು ಯುವಕನ ಊಹೆ. ಸೇಫ್ ಮೋಡಿಗೆ ಹೋದರೆ ತಿಳಿಯುತ್ತದೆ. ಹೋಗಬೇಕಾದರೆ ಆ ಸಂಖ್ಯೆ ಬೇಕು. ಕೊಳ್ಳುವಾಗಲೇ ಈ ಲ್ಯಾಪ್‌ಟಾಪಿನ ಡಿಸ್ಕಿಗೆ ಗೂಢಲಿಪಿಯ ಬೀಗ ತಾನಾಗಿ ಬಿದ್ದಿದೆ. ಮೊದಲ ದಿನ ಯಾರ ಮೈಕ್ರೋಸಾಫ್ಟ್ ಖಾತೆಯಿಂದ ಒಳಪ್ರವೇಶ ಮಾಡಲಾಯಿತೋ ಅವರ ಖಾತೆಯಲ್ಲಿ ಕೀಲಿ ಭದ್ರವಾಗಿರುತ್ತದೆ. "ಫಸ್ಟ್ ಡೇ ಸೆಟಪ್ ಮಾಡಿದ್ದು ಯಾರು ಸರ್?"

ವರ್ತಕರಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಖಾತೆ ತೆರೆಯಲು ಫೋನ್ ನಂಬರ್ ಕೊಡಿ ಎಂದು ಗುಮಾಸ್ತ ಕೇಳಿದ್ದ. "ನಿಂದೇ ಕೊಡಪ್ಪಾ, ನಂಗ್ಯಾಕೆ ಆ ರಗಳೆ," ಎಂದು ತಾವೇ ಹೇಳಿದ್ದರು.

ಎರಡು ದಿನ ಅವರು ಫೋನ್ ಮಾಡಲಿಲ್ಲ. ಬೇರೆ ದಾರಿಯಿದೆಯೇ ಎಂದು ಯುವಕನನ್ನು ಮತ್ತೆ ಮತ್ತೆ ಕೇಳಿದರು. ಇಲ್ಲವೆಂದೇ ಅವನ ಉತ್ತರ. ಕೀಲಿ ಇಲ್ಲದೆ ಆ ಬೀಗ ತೆರೆಯುವ ಉಪಾಯ ತಯಾರಿಸಿದವರ ಬಳಿಯೂ ಇರುವುದಿಲ್ಲ. ಈ ಎರಡು ದಿನಗಳಲ್ಲಿ ನೂಲಿಗೆ ಬಂದ ಮಗ್ಗದವರ ವ್ಯವಹಾರವನ್ನು ಅವರು ಹಳೆಯ ಪದ್ಧತಿಯಂತೆ ಪುಸ್ತಕದಲ್ಲಿ ಬರೆದುಕೊಂಡರು. ಬಾಕಿ ಎಷ್ಟೆಂಬುದನ್ನು ಮಾತ್ರ ನೆನಪಿನಿಂದ ಹೇಳಬೇಕಾಗಿತ್ತು. ಎರಡು ಮಗ್ಗ ಇಟ್ಟುಕೊಂಡಿರುವ ವೃದ್ಧೆಯೊಬ್ಬರಿಗೆ, "ಐದು ಸಾವಿರ ಇರಬೇಕಮ್ಮ," ಎಂದರು. ಆಕೆ ಸೊಂಟದ ಚೀಲದಿಂದ ಮೊಮ್ಮಗಳು ಬರೆದ ಚಿಕ್ಕ ಪುಸ್ತಕ ತೆಗೆದು, "ಇಲ್ಲ ಸ್ವಾಮಿ, ಆರು ಸಾವಿರದ ಇನ್ನೂರು ಐತೆ. ನೋಡ್ಕಳಿ," ಎಂದು ಮುಂದಕ್ಕೆ ಚಾಚಿದರು. ವರ್ತಕರು ಆ ಪುಸ್ತಕವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರೆಂದು ಆ ವೇಳೆ ಅಲ್ಲಿದ್ದ ಯುವಕ ನೆನೆಯುತ್ತಾನೆ.

ಆ ಮಧ್ಯಾಹ್ನವೇ ಅವರು ಗುಮಾಸ್ತನಿಗೆ ಫೋನ್ ಮಾಡಿದರು. ಅವನು ದೇವನಹಳ್ಳಿಯ ಕಡೆ ಒಂದು ಸರಕು ಗೋದಾಮಿನಲ್ಲಿ ದಾಸ್ತಾನು ಬರೆಯುವ ಕೆಲಸಕ್ಕೆ ಸೇರಿದ್ದ. ಇವರು ವಿಷಯ ಹೇಳಿ ಮುಗಿಸುವ ಮೊದಲೇ ಅವನು ಕೇಳಿದ: "ಪರದೆ ಮೇಲೆ ಕೀ ಐಡಿ ಅಂತ ಇರುತ್ತೆ ಯಜಮಾನ್ರೇ, ಮೊದಲ ಎಂಟು ಅಕ್ಷರ ಹೇಳಿ. ನನ್ ಖಾತೇಲಿ ಎರಡು ಯಂತ್ರ ಇದೆ, ಯಾವುದು ಅಂತ ನೋಡಬೇಕು." ಹೇಳಿದರು. ಹತ್ತು ನಿಮಿಷಗಳಲ್ಲಿ ಅವನೇ ತಿರುಗಿ ಕರೆದ. ವಾಟ್ಸಾಪಿನಲ್ಲಿ ಕಳುಹಿಸಿಬಿಡು ಎಂದಾಗ, "ಅದರಲ್ಲಿ ಬೇಡ. ನಿಮ್ಮ ಲೆಕ್ಕದ ಕೀಲಿ ಅದು. ಹೇಳ್ತೀನಿ, ಬರ್ಕೊಳ್ಳಿ," ಎಂದ. ಸಂಬಳದ ಮಾತು ಅವನ ಬಾಯಿಂದ ಬರಲಿಲ್ಲ. ಇವರ ಬಾಯಿಂದಲೂ ಬರಲಿಲ್ಲ, ಅದು ಬೇರೆ ಕಾರಣಕ್ಕೆ.

ಆ ಕೀಲಿಯ ರಚನೆ ಲೆಕ್ಕದವರಿಗೆ ಸಂತೋಷ ಕೊಡುವಂಥದು. ಆರಾರು ಅಂಕಿಗಳ ಎಂಟು ಗುಂಪು. ಪ್ರತಿಯೊಂದು ಗುಂಪೂ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಭಾಗವಾಗದಿದ್ದರೆ ಬರೆದುಕೊಂಡದ್ದು ತಪ್ಪು. ಹನ್ನೊಂದರ ಪರೀಕ್ಷೆಗೆ ಭಾಗಾಕಾರವೂ ಬೇಡ. ಉದಾಹರಣೆಗೆ 135795 ಎಂಬ ಸಂಖ್ಯೆಯಲ್ಲಿ ಒಂದು ಬಿಟ್ಟು ಒಂದರಂತೆ 1, 5, 9 ಕೂಡಿದರೆ 15. ಉಳಿದ 3, 7, 5 ಕೂಡಿದರೂ 15. ಎರಡು ಮೊತ್ತಗಳು ಸಮವಾದರೆ ಅಥವಾ ಅವುಗಳ ಅಂತರ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾದರೆ ಸಂಖ್ಯೆ ಸರಿ. ಹಿಂದಿನ ಕಾಲದ ಗುಮಾಸ್ತರು ಒಂಬತ್ತು ಕಳೆದು ಗುಣಾಕಾರ ತಾಳೆ ನೋಡುತ್ತಿದ್ದ ಕ್ರಮಕ್ಕೆ ಇದು ಹತ್ತಿರದ ಬಂಧು. ಯುವಕ ಈ ಗುಟ್ಟನ್ನು ಹೇಳಿದೊಡನೆ ವರ್ತಕರು ಎಂಟು ಗುಂಪುಗಳನ್ನೂ ಬಾಯಲ್ಲೇ ಪರೀಕ್ಷಿಸಿದರು. ಐದನೆಯದು ತಾಳೆಯಾಗಲಿಲ್ಲ. ಗುಮಾಸ್ತ ಇಂಗ್ಲಿಷಿನಲ್ಲಿ ನೈನ್ ಎಂದದ್ದನ್ನು ಇವರು ಫೈವ್ ಎಂದು ಕೇಳಿಸಿಕೊಂಡಿದ್ದರು. ಮತ್ತೊಮ್ಮೆ ಕೇಳಿ ತಿದ್ದಿಕೊಂಡರು.

ಕೀಲಿ ಕೊಟ್ಟ ಮೇಲೆ ನಡೆದದ್ದು ಸರಳ. ಯಂತ್ರ ಸೇಫ್ ಮೋಡಿನಲ್ಲಿ ಎದ್ದಿತು. ಅಲ್ಲಿಗೆ ಯುವಕನ ಊಹೆ ಸ್ಥಿರವಾಯಿತು. ದುರಸ್ತಿಗೆ ಕೈಹಾಕುವ ಮೊದಲು ಅವನು ಸಮಸ್ತ ಲೆಕ್ಕವನ್ನೂ ಹೊರಗಿನ ಡಿಸ್ಕಿಗೆ ಪ್ರತಿಮಾಡಿಸಿದ. ಈ ಕ್ರಮವನ್ನು ವಾಚಕರು, ವಿಶೇಷವಾಗಿ ಟ್ರಸ್ಟುಗಳ ಲೆಕ್ಕ ನೋಡುವವರು, ತಪ್ಪದೆ ಗಮನಿಸಬೇಕು: ಮೊದಲು ಪ್ರತಿ, ಆಮೇಲೆ ಚಿಕಿತ್ಸೆ. ಹೊಸ ಆವೃತ್ತಿ ಹಾಕಿದ ಹತ್ತು ದಿನಗಳವರೆಗೆ ಹಳೆಯ ವಿಂಡೋಸ್ ಡಿಸ್ಕಿನಲ್ಲಿಯೇ ಒಂದು ಬದಿಗೆ ಉಳಿದಿರುತ್ತದೆ, ಬೇಕೆಂದರೆ ಹಿಂದಕ್ಕೆ ಹೋಗಬಹುದು ಎಂಬುದನ್ನೂ ಅವನು ತಿಳಿಸಿದ. ಆ ಪ್ರಸಂಗ ಬರಲಿಲ್ಲ. ಯಂತ್ರವನ್ನು ಬೀಳಿಸುತ್ತಿದ್ದುದು 2022ರಲ್ಲಿಯೇ ಅವಧಿ ಮುಗಿದಿದ್ದ ಒಂದು ವೈರಸ್ ನಿವಾರಕ. ತೆಗೆದುಹಾಕೋಣ ಎಂದು ಹಳೆಯ ಗುಮಾಸ್ತ ಒಮ್ಮೆ ಕೇಳಿದ್ದಾಗ, "ದುಡ್ಡು ಕೊಟ್ಟು ತಗೊಂಡಿದ್ದಲ್ವಾ, ಇರಲಿ ಬಿಡು," ಎಂದು ವರ್ತಕರು ಉಳಿಸಿಕೊಂಡಿದ್ದರು. ಕಾವಲಿಗೆಂದು ಗರ್ಭಗೃಹದೊಳಗೆ ಬಿಟ್ಟವನು ಅಲ್ಲಿಯೇ ಮುದಿಯಾಗಿ ದಾರಿಗೆ ಅಡ್ಡ ಬಿದ್ದಿದ್ದ. ಅದನ್ನು ತೆಗೆದೊಡನೆ ಲ್ಯಾಪ್‌ಟಾಪ್ ಏನೂ ಆಗಿಲ್ಲವೆಂಬಂತೆ ಎದ್ದಿತು.

ಆ ರಾತ್ರಿ ವರ್ತಕರು ಒಬ್ಬರೇ ಅಂಗಡಿಯಲ್ಲಿ ಕುಳಿತು ವೃದ್ಧೆಯ ಖಾತೆಯನ್ನು ತೆರೆದರು. ಬಾಕಿ 6,200 ರೂಪಾಯಿ. ಬಳಿಕ ಮಾರ್ಚ್ ತಿಂಗಳಿಗೆ ಹೋದರು. ಸರಬರಾಜುದಾರರ ಖಾತೆಯಲ್ಲಿ 38,400 ಎರಡು ಬಾರಿ ಬಿದ್ದದ್ದು ನಿಜ. ಅದಾದ ಎರಡೇ ದಿನಕ್ಕೆ ಅದನ್ನು ರದ್ದುಮಾಡುವ ಎದುರು ನಮೂದೂ ಇತ್ತು. ಕೆಳಗೆ ವಿವರಣೆಯ ಜಾಗದಲ್ಲಿ, ಕಣ್ತಪ್ಪಿನಿಂದ ಎರಡು ಸಲ ಬರೆದದ್ದನ್ನು ಸರಿಪಡಿಸಿದೆ, ಎಂದು ಬರೆದಿತ್ತು. ವರ್ತಕರು ಎಸೆದಿದ್ದ ಹಾಳೆ ಈ ಎರಡು ದಿನಗಳ ನಡುವೆ ಮುದ್ರಿತವಾದದ್ದು. ಹಣವೊಂದು ಕಾಸೂ ಹೊರಗೆ ಹೋಗಿರಲಿಲ್ಲ. "ತಿದ್ದಿದ್ದೀನಿ" ಎಂಬ ಮಾತಿಗೆ ಅಂದು ಅಷ್ಟೇ ಅರ್ಥವಿತ್ತು. ಹಾಳೆ ಎಸೆಯುವ ಬದಲು ಒಂದು ಗುಂಡಿ ಒತ್ತಿದ್ದರೆ ಕಾಣುತ್ತಿತ್ತು.

ತಪ್ಪು ಮಾಡಿದವರು ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಆ ಅಮೆರಿಕದ ಸಂಸ್ಥೆಯ ವರ್ತನೆ ಎರಡೂ ಬಗೆಯ ನಿದರ್ಶನ ಕೊಡುತ್ತದೆ. ಕಷ್ಟಪಟ್ಟು ಯಂತ್ರಗಳನ್ನು ಎಬ್ಬಿಸಿದ ಸಹವರ್ತಿಗಳಿಗೆ ಅದು ಮೊದಲು ಹತ್ತು ಡಾಲರುಗಳ ತಿಂಡಿಯ ಉಡುಗೊರೆ ಚೀಟಿ ಕಳುಹಿಸಿ ನಗೆಪಾಟಲಾಯಿತು. ಅಷ್ಟು ಜನ ಒಟ್ಟಿಗೆ ಬಳಸಿದ್ದರಿಂದ ವಂಚನೆಯಿರಬೇಕೆಂದು ಆ ಚೀಟಿಗಳನ್ನೂ ತಡೆಹಿಡಿಯಲಾಯಿತಂತೆ. ಆದರೆ ಅದೇ ಆಗಸ್ಟಿನಲ್ಲಿ ಲಾಸ್ ವೇಗಾಸಿನ ಭದ್ರತಾ ತಜ್ಞರ ಕೂಟದಲ್ಲಿ ವರ್ಷದ ಮಹಾವೈಫಲ್ಯಕ್ಕೆಂದು ಅಪಹಾಸ್ಯದ ಪ್ರಶಸ್ತಿ ಘೋಷಿಸಿದಾಗ ಸಂಸ್ಥೆಯ ಅಧ್ಯಕ್ಷರು ಖುದ್ದಾಗಿ ವೇದಿಕೆಗೆ ಹೋಗಿ ಅದನ್ನು ಸ್ವೀಕರಿಸಿದರು. ತಮ್ಮ ನೌಕರರೆಲ್ಲರೂ ಕಾಣುವಂತೆ ಪ್ರಧಾನ ಕಚೇರಿಯಲ್ಲಿಡುವುದಾಗಿ ಹೇಳಿದರು. ಸೆಪ್ಟೆಂಬರ್ 24ರಂದು ಮತ್ತೊಬ್ಬ ಹಿರಿಯ ಅಧಿಕಾರಿ ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ಕ್ಷಮೆ ಕೇಳಿದರು. ಅಂಥ ಕಡತಗಳನ್ನು ಹಂತಹಂತವಾಗಿ ಕಳುಹಿಸುವ, ಪಡೆಯುವವರು ಬೇಕೆಂದರೆ ತಡೆದಿಡುವ ವ್ಯವಸ್ಥೆ ಆಮೇಲೆ ಬಂದಿತು. ಉಡುಗೊರೆ ಚೀಟಿಗಿಂತ ಇದು ಘನತೆಯ ಮಾರ್ಗ. ಆದರೆ ಹತ್ತು ಡಾಲರಿನ ದಾರಿಯೇ ಮೊದಲು ಹೊಳೆಯುವುದು ಮನುಷ್ಯಸ್ವಭಾವ. ವರ್ತಕರಿಗೂ ಮೊದಲು ಹೊಳೆದದ್ದು ಯಾರ ಕೈಯಲ್ಲಾದರೂ ಒಂದು ಸಿಹಿ ಡಬ್ಬಿ ಕಳುಹಿಸಿಬಿಡೋಣ ಎಂದೇ.

ಅವರು ಹಾಗೆ ಮಾಡಲಿಲ್ಲ. ಭಾನುವಾರ ಲ್ಯಾಪ್‌ಟಾಪನ್ನೂ ತಡೆಹಿಡಿದಿದ್ದ 24,000 ರೂಪಾಯಿಯನ್ನೂ ತೆಗೆದುಕೊಂಡು ದೇವನಹಳ್ಳಿಗೆ ಹೋದರು. ಅಂದು ಅಂಗಡಿಯಲ್ಲಿ ಕುಳಿತಿದ್ದ ಮಗ್ಗದವರಲ್ಲಿ ಒಬ್ಬರನ್ನು ಜೊತೆಗೆ ಕರೆದೊಯ್ದರು. ಗೋದಾಮಿನ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಅವರ ಮುಂದೆಯೇ ಯಂತ್ರ ತೆರೆದು ಆ ಎದುರು ನಮೂದನ್ನು ತೋರಿಸಿದರು. "ನಾನು ನೋಡಿರ್ಲಿಲ್ಲ ಕಣಪ್ಪಾ. ನೋಡ್ದೆ ಮಾತಾಡ್ದೆ," ಎಂದರು. ಗುಮಾಸ್ತ ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದ. ಹಣವನ್ನು ಎರಡು ಬಾರಿ ಎಣಿಸಿ, ರಸೀದಿ ಬರೆದು ಸಹಿ ಮಾಡಿ ಕೊಟ್ಟ. ಹಿಂದಿರುಗಿ ಬರುವೆಯಾ ಎಂದು ಕೇಳಿದ್ದಕ್ಕೆ, ಇಲ್ಲಿ ಒಗ್ಗಿಕೊಂಡಿದ್ದೇನೆ ಎಂದ.

ಬಳಿಕ ಅವನೇ, "ಇನ್ನೊಂದು ಕೆಲಸ ಇದೆ ಯಜಮಾನ್ರೇ. ನಿಮ್ಮ ಕೀಲಿ ನನ್ ಖಾತೇಲಿ ಇರಬಾರದು," ಎಂದು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ. ವರ್ತಕರ ಸ್ವಂತ ಫೋನ್ ನಂಬರಿನಲ್ಲಿ ಹೊಸ ಖಾತೆ ತೆರೆದು, ಕೀಲಿಯನ್ನು ಅದಕ್ಕೆ ಸೇರಿಸಿ, ತನ್ನ ಖಾತೆಯಿಂದ ಯಂತ್ರದ ಹೆಸರನ್ನು ಅಳಿಸಿದ. ಬಂದ ಓಟಿಪಿಯನ್ನು ಓದಲು ಕನ್ನಡಕ ಮರೆತುಬಂದಿದ್ದ ವರ್ತಕರು ಫೋನನ್ನೇ ಅವನ ಕೈಗೆ ಕೊಡಹೋದರು. ಅವನು ತೆಗೆದುಕೊಳ್ಳಲಿಲ್ಲ. ಮಗ್ಗದವರ ಕನ್ನಡಕ ಕೇಳಿ ಪಡೆದು ವರ್ತಕರಿಗೆ ಕೊಟ್ಟು, "ನೀವೇ ಓದಿ ಒತ್ತಿ," ಎಂದ. ಮೇಲೆ ವಿಮಾನವೊಂದು ಇಳಿಯುತ್ತಿದ್ದುದರಿಂದ ಆ ಮಾತನ್ನು ಎರಡು ಸಲ ಹೇಳಬೇಕಾಯಿತು.